ಲಯೊನೆಲ್ ಹ್ಯಾಂಪ್ಟನ್: ಎರಡು ಕೋಲು, ಒಂದು ದೊಡ್ಡ ಮೇಳ

ನಮ್ಮ ಪತ್ರಿಕೆಯಲ್ಲಿ ಸಂಗೀತದ ಮಾತು ಬಂದರೆ ಅದು ಸಾಮಾನ್ಯವಾಗಿ ದಾಸರ ಪದದ ಬಗ್ಗೆ, ಧಾರವಾಡದ ಗಾಯಕರ ಬಗ್ಗೆ ಅಥವಾ ಸಂಘದ ಗಣೇಶೋತ್ಸವದಲ್ಲಿ ನಡೆದ ಕಛೇರಿಯ ಬಗ್ಗೆ ಇರುತ್ತದೆ. ಜಾಜ್ ಎಂದೊಡನೆ ಹೋಟೆಲಿನ ಮೊಗಸಾಲೆಯಲ್ಲಿ ಯಾರೂ ಕೇಳದಿದ್ದರೂ ನಡೆಯುತ್ತಿರುವ ಸದ್ದು ಎಂದು ಮೂಗು ಮುರಿಯುವವರೇ ನಮ್ಮಲ್ಲಿ ಹೆಚ್ಚು. ಆದರೂ ಈ ಸಲ ನಾವು ಒಬ್ಬ ಜಾಜ್ ವಾದಕನ ಬಗ್ಗೆ ಬರೆಯಹೊರಟಿದ್ದೇವೆ. ಲಯೊನೆಲ್ ಹ್ಯಾಂಪ್ಟನ್ (೧೯೦೮-೨೦೦೨) ಅಮೆರಿಕದ ಕಪ್ಪು ಜನಾಂಗದವರು. ವೈಬ್ರಫೋನ್ ಎಂಬ ವಾದ್ಯಕ್ಕೆ ಜಾಜ್‌ನಲ್ಲಿ ಮೊದಲು ಗಟ್ಟಿ ಸ್ಥಾನ ತಂದುಕೊಟ್ಟವರು. ದಶಕಗಟ್ಟಲೆ ಸ್ವಂತ ಮೇಳ ನಡೆಸಿದವರು. ಇವರ ಬಗ್ಗೆ ಬಲ್ಲವರಲ್ಲಿ ಎರಡು ಪಕ್ಷಗಳಿವೆ. ಇವರು ಹುಟ್ಟು ಕಲಾವಿದರು ಎನ್ನುವುದು ಒಂದು. ದೇವರು ಕೊಟ್ಟ ಕಲೆಯನ್ನು ಡೋಲಿನ ಮೇಲೆ ಹತ್ತಿ ಕುಣಿದು ಹಾಳುಮಾಡಿಕೊಂಡರು ಎನ್ನುವುದು ಇನ್ನೊಂದು. ಎರಡನೆಯ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಎಂಬುದನ್ನೇ ಇಲ್ಲಿ ನೋಡಬೇಕಾಗಿದೆ.

ಮೊದಲು ವಾದ್ಯದ ಪರಿಚಯವಾಗಲಿ. ಜಲತರಂಗವನ್ನು ಕೇಳಿದವರು, ಪಿಂಗಾಣಿ ಬಟ್ಟಲುಗಳ ಜಾಗದಲ್ಲಿ ಅಲ್ಯೂಮಿನಿಯಂ ಪಟ್ಟಿಗಳನ್ನು ಸಾಲಾಗಿ ಜೋಡಿಸಿದೆ ಎಂದುಕೊಳ್ಳಿ. ಮೂರು ಸ್ಥಾಯಿಯ ವ್ಯಾಪ್ತಿ. ತುದಿಗೆ ನೂಲು ಸುತ್ತಿದ ಕೋಲುಗಳಿಂದ ಬಡಿಯುವುದು. ಪ್ರತಿ ಪಟ್ಟಿಯ ಕೆಳಗೂ ಒಂದು ಕೊಳವೆ ತೂಗುತ್ತದೆ, ಅದರ ತಳ ಮುಚ್ಚಿರುತ್ತದೆ. ಕಾಲೇಜಿನಲ್ಲಿ ಭೌತವಿಜ್ಞಾನ ಓದಿದವರಿಗೆ ನೀರಿನ ಕೊಳವೆಯ ಬಾಯಿಗೆ ಟ್ಯೂನಿಂಗ್ ಫೋರ್ಕ್ ಹಿಡಿದು ಅನುರಣನ ಕಂಡುಹಿಡಿದ ಪ್ರಯೋಗ ನೆನಪಿರಬಹುದು, ಇದೂ ಅದೇ. ಕೊಳವೆಯೊಳಗಿನ ಗಾಳಿಯ ಕಂಬ ಅಲೆಯ ಕಾಲುಭಾಗದಷ್ಟು ಉದ್ದವಿದ್ದರೆ ಪಟ್ಟಿಯ ನಾದ ತುಂಬಿಕೊಂಡು ಕೇಳುತ್ತದೆ. ಲೆಕ್ಕ ಹಾಕಿದರೆ ಅತಿ ಕೆಳಗಿನ ಸ್ವರಕ್ಕೆ ಅರ್ಧ ಮೀಟರಿನಷ್ಟು, ಅತಿ ಮೇಲಿನದಕ್ಕೆ ಆರು ಸೆಂಟಿಮೀಟರಿನಷ್ಟು ಕೊಳವೆ ಸಾಕು. ಆದರೆ ಸಭಿಕರ ಕಡೆಗಿರುವ ಸಾಲಿನಲ್ಲಿ ಮೇಲಿನ ಸ್ವರಗಳ ಕೊಳವೆಗಳನ್ನೂ ಉದ್ದಕ್ಕೆ ಇಳಿಬಿಟ್ಟು ಕಮಾನಿನ ಆಕಾರ ಕೊಡುವುದುಂಟು. ಒಳಗೆ ಮುಚ್ಚಳ ಮೇಲೆಯೇ ಇರುತ್ತದೆ, ಉಳಿದದ್ದೆಲ್ಲ ನೋಟಕ್ಕೆ. ವಾದ್ಯದ ಹುಟ್ಟಿನಲ್ಲೇ ಹೀಗೆ ಸ್ವಲ್ಪ ಪ್ರದರ್ಶನ ಸೇರಿಕೊಂಡಿದೆ.

ಕೊಳವೆಗಳ ಬಾಯಲ್ಲಿ ಪುಟ್ಟ ಬಿಲ್ಲೆಗಳಿದ್ದು, ಅವನ್ನು ಒಂದು ಮೋಟಾರು ತಿರುಗಿಸುತ್ತದೆ. ಬಾಯಿ ತೆರೆದಾಗ ನಾದ ಉಬ್ಬುತ್ತದೆ, ಮುಚ್ಚಿದಾಗ ತಗ್ಗುತ್ತದೆ. ವೈಬ್ರಫೋನಿನ ಆ ನಡುಗುವ ಧ್ವನಿ ಬರುವುದು ಹೀಗೆ. ಇಲ್ಲಿ ಏರಿಳಿಯುವುದು ನಾದದ ಪ್ರಮಾಣವೇ ಹೊರತು ಸ್ವರದ ಎತ್ತರವಲ್ಲ. ಅಂದರೆ ನಮ್ಮ ಕಿವಿಗೆ ಅದು ಗಮಕದಂತೆ ತೋರಿದರೂ ಗಮಕವಲ್ಲ. ವೀಣೆಯ ತಂತಿಯನ್ನು ಎಳೆದಂತೆ ಅಲ್ಯೂಮಿನಿಯಂ ಪಟ್ಟಿಯನ್ನು ಎಳೆಯಲಾಗುವುದಿಲ್ಲ, ಮೋಟಾರಿಗೆ ರಸಜ್ಞಾನವೂ ಇಲ್ಲ. ಹಾಗಾಗಿ ವಾದಕನ ಕೈಯಲ್ಲಿ ಉಳಿಯುವುದು ಮೂರೇ: ಏಟಿನ ತೂಕ, ಏಟು ಬೀಳುವ ಗಳಿಗೆ, ಮತ್ತು ಕಾಲಿನ ಪೆಡಲಿನಿಂದ ನಾದವನ್ನು ಎಷ್ಟು ಹೊತ್ತು ಬಿಡಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಕ. ಇಂಥ ವಾದ್ಯ ಮೊದಲು ಒಬ್ಬ ಡೋಲುಗಾರನ ಕೈಗೆ ಸಿಕ್ಕಿದ್ದು ಸಂಗೀತದ ಅದೃಷ್ಟ ಎಂದು ನಾವು ತಿಳಿಯುತ್ತೇವೆ. ಹ್ಯಾಂಪ್ಟನ್ ಮೂಲತಃ ಡ್ರಮ್ ಬಾರಿಸುವವರು. ಗಳಿಗೆಯ ಲೆಕ್ಕ ಅವರ ಮಣಿಕಟ್ಟಿನಲ್ಲಿಯೇ ಇತ್ತು.

ಹ್ಯಾಂಪ್ಟನ್ ಹುಟ್ಟಿದ್ದು ಕೆಂಟಕಿಯ ಲೂಯಿವಿಲ್‌ನಲ್ಲಿ. ಎಳೆಯ ವಯಸ್ಸು ಕಳೆದದ್ದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅನಂತರ ದಕ್ಷಿಣದ ಲಕ್ಷಾಂತರ ಕಪ್ಪು ಜನರಂತೆ ಅವರ ಕುಟುಂಬವೂ ಉತ್ತರಕ್ಕೆ ಗುಳೆ ಹೊರಟು ಶಿಕಾಗೋ ಸೇರಿತು. ಕೂಲಿ ಹುಡುಕಿಕೊಂಡು, ಅವಮಾನ ತಪ್ಪಿಸಿಕೊಂಡು ಹೊರಟ ಜನ. ಆ ನಗರದಲ್ಲಿ ಈ ಜನರದೇ ಒಂದು ಪತ್ರಿಕೆ ಇತ್ತು, 'ಶಿಕಾಗೋ ಡಿಫೆಂಡರ್'. ೧೯೦೫ರಲ್ಲಿ ರಾಬರ್ಟ್ ಅಬಟ್ ಎಂಬವರು ಪ್ರಾರಂಭಿಸಿದ ಈ ಪತ್ರಿಕೆ ದಕ್ಷಿಣದವರನ್ನು ಉತ್ತರಕ್ಕೆ ಬನ್ನಿ ಎಂದು ಕರೆಯುತ್ತಿತ್ತು. ಪತ್ರಿಕೆ ಹಂಚುವ ಹುಡುಗರಿಗೆಂದು ಅದು ಒಂದು ಬ್ಯಾಂಡು ಕಟ್ಟಿತ್ತು, ಎನ್. ಕ್ಲಾರ್ಕ್ ಸ್ಮಿತ್ ಎಂಬ ಕಟ್ಟುನಿಟ್ಟಿನ ಗುರು ಅದಕ್ಕಿದ್ದರು. ಹ್ಯಾಂಪ್ಟನ್ ಪಾಠ ಕಲಿತದ್ದು ಅಲ್ಲಿ. ಜಿಮ್ಮಿ ಬರ್ಟ್ರಂಡ್ ಎಂಬ ವಾದಕರಿಂದ ಮರದ ಪಟ್ಟಿಗಳ ಕ್ಸೈಲೋಫೋನನ್ನೂ ಅಭ್ಯಾಸ ಮಾಡಿದರು. ಹೊರನಾಡಿನಲ್ಲಿ ಬೇರು ಬಿಡುತ್ತಿರುವ ಜನ ತಮ್ಮ ಮಕ್ಕಳ ಕೈಗೆ ವಾದ್ಯ ಕೊಟ್ಟು, ಸ್ವರಲಿಪಿ ಓದಲು ಕಲಿಸುವ ಮೇಷ್ಟ್ರನ್ನೂ ಇಟ್ಟಿದ್ದರು ಎಂಬುದನ್ನು ಗಮನಿಸಬೇಕು. ನಾವೂ ಹೊರನಾಡಿನವರೇ. ನಮ್ಮ ಸಂಘಗಳಲ್ಲಿ ಕಟ್ಟಡ ನಿಧಿ ಇರುತ್ತದೆ, ರಾಜ್ಯೋತ್ಸವದ ದಿನ ಮಕ್ಕಳಿಗೆ ಐದೈದು ನಿಮಿಷ ವೇದಿಕೆಯೂ ಇರುತ್ತದೆ. ವಾದ್ಯ ನಿಧಿ ಎಂಬುದನ್ನು ನಾವಂತೂ ಯಾವ ಜಮಾಖರ್ಚಿನ ಪಟ್ಟಿಯಲ್ಲೂ ಕಂಡಿಲ್ಲ.

ಇಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಹ್ಯಾಂಪ್ಟನ್ ಕ್ಯಾಲಿಫೋರ್ನಿಯಾದಲ್ಲಿದ್ದರು. ಅಲ್ಲಿ ಲೆಸ್ ಹೈಟ್ ಎಂಬವರ ಮೇಳದಲ್ಲಿ ಡ್ರಮ್ ನುಡಿಸುತ್ತಿದ್ದಾಗ ಲೂಯಿ ಆರ್ಮ್‌ಸ್ಟ್ರಾಂಗ್ ಆ ಮೇಳದೊಂದಿಗೆ ಧ್ವನಿಮುದ್ರಣಕ್ಕೆ ಬಂದರು. ಸ್ಟುಡಿಯೋದ ಮೂಲೆಯಲ್ಲಿ ಒಂದು ವೈಬ್ರಫೋನ್ ನಿಂತಿತ್ತಂತೆ. ಇದನ್ನು ನುಡಿಸಬಲ್ಲೆಯಾ ಎಂದು ಆರ್ಮ್‌ಸ್ಟ್ರಾಂಗ್ ಕೇಳಿದರು, ಕ್ಸೈಲೋಫೋನ್ ಬಲ್ಲ ಹುಡುಗ ಒಪ್ಪಿಕೊಂಡ ಎಂಬ ಕಥೆಯನ್ನು ಹ್ಯಾಂಪ್ಟನ್ ಜೀವಮಾನವಿಡೀ ಹೇಳುತ್ತಿದ್ದರು. ಅಂದು, ೧೯೩೦ರ ಅಕ್ಟೋಬರಿನಲ್ಲಿ, ಮುದ್ರಣವಾದ 'ಮೆಮರೀಸ್ ಆಫ್ ಯೂ' ಇಂದಿಗೂ ಕೇಳಲು ಸಿಗುತ್ತದೆ. ವೈಬ್ರಫೋನಿನ ಪಾಲು ಅದರಲ್ಲಿ ತೀರ ಸಣ್ಣದು. ಇತಿಹಾಸಕ್ಕಾಗಿ ಒಮ್ಮೆ ಕೇಳಿದರೆ ಸಾಕು.

ನಿಜವಾದ ತಿರುವು ೧೯೩೬ರ ಆಗಸ್ಟಿನದು. ಲಾಸ್ ಏಂಜಲೀಸ್‌ನ ಪ್ಯಾರಡೈಸ್ ಕೆಫೆಯಲ್ಲಿ ಹ್ಯಾಂಪ್ಟನ್ ನುಡಿಸುತ್ತಿದ್ದುದನ್ನು ಕೇಳಲು ಕ್ಲ್ಯಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಬಂದರು. ಗುಡ್‌ಮನ್ ಆಗ ಅಮೆರಿಕದಲ್ಲಿ ಮನೆಮಾತು. ಅದೇ ತಿಂಗಳಲ್ಲಿ ನಾಲ್ವರೂ ಸ್ಟುಡಿಯೋದಲ್ಲಿದ್ದರು: ಗುಡ್‌ಮನ್, ಪಿಯಾನೋಗೆ ಟೆಡ್ಡಿ ವಿಲ್ಸನ್, ಡ್ರಮ್ಮಿಗೆ ಜೀನ್ ಕ್ರೂಪಾ, ವೈಬ್ರಫೋನಿಗೆ ಹ್ಯಾಂಪ್ಟನ್. ಇಬ್ಬರು ಬಿಳಿಯರು, ಇಬ್ಬರು ಕರಿಯರು. ಸ್ಟುಡಿಯೋದಲ್ಲಿ ಇಂಥ ಬೆರಕೆ ಮೊದಲೂ ನಡೆದಿತ್ತು, ಅಲ್ಲಿ ನೋಡುವವರಿಲ್ಲ. ಇವರು ಸಾವಿರಾರು ಜನರೆದುರು ವೇದಿಕೆಯ ಮೇಲೆ ಒಟ್ಟಿಗೆ ಕೂತರು. ಬೇಸ್‌ಬಾಲ್ ಆಟದ ದೊಡ್ಡ ತಂಡಗಳಿಗೆ ಜಾಕಿ ರಾಬಿನ್ಸನ್ ಎಂಬ ಕರಿಯ ಆಟಗಾರ ಕಾಲಿಟ್ಟದ್ದು ೧೯೪೭ರಲ್ಲಿ; ಅದಕ್ಕಿಂತ ಹತ್ತು ವರ್ಷಕ್ಕೂ ಹಿಂದಿನ ಮಾತಿದು. ವೇದಿಕೆಯ ಮೇಲೆ ಸಮಾನರಾದ ನಾಲ್ವರಿಗೆ ಊಟ ವಸತಿಗಳಲ್ಲಿ ಆ ಸಮಾನತೆ ಎಲ್ಲ ಊರುಗಳಲ್ಲೂ ಸಿಗುತ್ತಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಭೇದ ನಮಗೆ ಹೊಸ ವಿಷಯವೇ?

ಈ ಚತುಷ್ಟಯದ 'ಮೂನ್‌ಗ್ಲೋ' ಕೇಳಬೇಕು. ನಿಧಾನಗತಿಯ ಹಾಡು. ಕ್ಲ್ಯಾರಿನೆಟ್ಟಿನ ಉಸಿರಿಗೆ ಅಲ್ಯೂಮಿನಿಯಂ ನಾದದ ನೆರಳು ಬಿದ್ದಂತಿದೆ. ಹ್ಯಾಂಪ್ಟನ್ನರ ಸರದಿ ಬಂದಾಗ ಅವರು ಅವಸರ ಮಾಡುವುದಿಲ್ಲ. ಒಂದು ಸ್ವರ ತೂಗಾಡಿ ಮುಗಿಯುವ ತನಕ ಕಾದು, ಮುಂದಿನದನ್ನು ತಾಳದ ಹಿಂದೆ ಕೂದಲೆಳೆಯಷ್ಟು ತಡವಾಗಿ ಇಡುತ್ತಾರೆ. ಅದೇ ಮೇಳದ ವೇಗದ 'ಡೈನಾ' ಕೇಳಿದರೆ ಅದೇ ಮನುಷ್ಯ ಕಾಳು ಹುರಿದಂತೆ ಸಿಡಿಯುವುದನ್ನು ಕಾಣಬಹುದು. ೧೯೩೮ರ ಜನವರಿ ೧೬ರಂದು ಗುಡ್‌ಮನ್ ಮೇಳ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಕಛೇರಿ ಮಾಡಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆ ಗರ್ಭಗುಡಿಯಲ್ಲಿ ಜಾಜ್ ಸಂಪೂರ್ಣ ಕಛೇರಿಯಾಗಿ ಮಾನ್ಯತೆ ಪಡೆದ ರಾತ್ರಿಯೆಂದು ಅದನ್ನು ಹೇಳುತ್ತಾರೆ. ಅಂದಿನ 'ದಿ ಮ್ಯಾನ್ ಐ ಲವ್' ನಮ್ಮ ಮಟ್ಟಿಗೆ ಚತುಷ್ಟಯದ ಶಿಖರ.

ಆದರೂ ಹ್ಯಾಂಪ್ಟನ್ನರ ಅತ್ಯುತ್ತಮ ಕೆಲಸ ಗುಡ್‌ಮನ್ ನೆರಳಿನಲ್ಲಿ ಆದುದಲ್ಲ. ೧೯೩೭ರಿಂದ ೧೯೪೧ರವರೆಗೆ ವಿಕ್ಟರ್ ಕಂಪನಿ ಅವರಿಗೆ ಒಂದು ಸವಲತ್ತು ಕೊಟ್ಟಿತ್ತು: ಊರಿನಲ್ಲಿ ಯಾವ ಮೇಳ ಬಂದಿದೆಯೋ ನೋಡಿ, ಬೇಕಾದ ವಾದಕರನ್ನು ಆರಿಸಿಕೊಂಡು ಮುದ್ರಿಸುವುದು. ಹೀಗೆ ತೊಂಬತ್ತರ ಆಸುಪಾಸಿನಷ್ಟು ಮೂರು ನಿಮಿಷದ ತಟ್ಟೆಗಳು ಹೊರಬಂದವು. ೧೯೩೯ರ ಸೆಪ್ಟೆಂಬರ್ ೧೧ರ ಒಂದೇ ಕೂಟದಲ್ಲಿ ಕೋಲ್ಮನ್ ಹಾಕಿನ್ಸ್, ಬೆನ್ ವೆಬ್‌ಸ್ಟರ್, ಚೂ ಬೆರಿ, ಬೆನ್ನಿ ಕಾರ್ಟರ್ ಎಂಬ ನಾಲ್ವರು ಸ್ಯಾಕ್ಸೊಫೋನ್ ದಿಗ್ಗಜರು, ಗಿಟಾರಿಗೆ ಚಾರ್ಲಿ ಕ್ರಿಶ್ಚಿಯನ್, ಇನ್ನೂ ಹೆಸರಾಗದ ಡಿಜ್ಜಿ ಗಿಲೆಸ್ಪಿ. ಇಂಥ ಪಂಕ್ತಿಯನ್ನು ಕೂರಿಸಿ ಬಡಿಸುವುದಕ್ಕೆ ನುಡಿಸುವ ಕಲೆಯಲ್ಲದೆ ಇನ್ನೊಂದು ಕಲೆಯೂ ಬೇಕು: ಯಾರಿಗೆ ಯಾವಾಗ ಜಾಗ ಬಿಡಬೇಕೆಂಬ ತಿಳುವಳಿಕೆ. 'ವೆನ್ ಲೈಟ್ಸ್ ಆರ್ ಲೋ' ಎಂಬ ತಟ್ಟೆಯಲ್ಲಿ ಆ ತಿಳುವಳಿಕೆ ಎದ್ದು ಕಾಣುತ್ತದೆ. ಯಜಮಾನ ತಾನೇ ಆದರೂ ಉಳಿದವರ ಬಾಯಿ ಮುಚ್ಚಿಸುವುದಿಲ್ಲ. ಈ ಕೂಟಗಳಲ್ಲಿ ಹ್ಯಾಂಪ್ಟನ್ ಒಮ್ಮೊಮ್ಮೆ ಹಾಡುತ್ತಾರೆ, ಡ್ರಮ್ ಬಾರಿಸುತ್ತಾರೆ, ಪಿಯಾನೋವನ್ನು ಎರಡೇ ತೋರುಬೆರಳುಗಳಿಂದ, ವೈಬ್ರಫೋನಿನ ಕೋಲುಗಳೋ ಎಂಬಂತೆ ಕುಟ್ಟುತ್ತಾರೆ. ಎರಡು ಬೆರಳಿನ ಪಿಯಾನೋ ಮೊದಲ ಸಲ ಬೆರಗು, ಮೂರನೆಯ ಸಲ ಸಾಕು.

೧೯೪೦ರಲ್ಲಿ ಅವರು ಸ್ವಂತದ ದೊಡ್ಡ ಮೇಳ ಕಟ್ಟಿದರು. ವಾದಕ್ಕೆ ವಿಷಯವಾದ ಹ್ಯಾಂಪ್ಟನ್ ಇಲ್ಲಿಂದ ಮುಂದೆ ಕಾಣುತ್ತಾರೆ. ಮೇಳದ ಗುರುತಿನ ರಚನೆ 'ಫ್ಲೈಯಿಂಗ್ ಹೋಮ್'. ೧೯೪೨ರ ಮೇ ತಿಂಗಳಲ್ಲಿ ಡೆಕ್ಕಾ ಕಂಪನಿಗೆ ಮುದ್ರಿಸಿದ ತಟ್ಟೆಯಲ್ಲಿ ಇಲಿನಾಯ್ ಜಾಕೆ ಎಂಬ ಹತ್ತೊಂಬತ್ತರ ತರುಣ ಟೆನರ್ ಸ್ಯಾಕ್ಸೊಫೋನಿನಲ್ಲಿ ಒಂದು ತನಿ ನುಡಿಸಿದ. ಅದು ಎಷ್ಟು ಜನಪ್ರಿಯವಾಯಿತೆಂದರೆ ಆಮೇಲೆ ಆ ಜಾಗಕ್ಕೆ ಬಂದವರೆಲ್ಲ ಅದೇ ಸ್ವರಗಳನ್ನು ಒಂದೂ ಬಿಡದೆ ನುಡಿಸಬೇಕಾಯಿತು. ಮನೋಧರ್ಮವೆಂದು ಹುಟ್ಟಿದ್ದು ಕೃತಿಯಾಗಿ ಗಟ್ಟಿಯಾಯಿತು. ಒಂದೇ ಸ್ವರವನ್ನು ಸುತ್ತಿಗೆಯಂತೆ ಬಡಿಯುವ, ಕಿರುಚಿಸುವ ಆ ಬಗೆಯಿಂದಲೇ ಮುಂದಿನ ರಿದಂ ಅಂಡ್ ಬ್ಲೂಸ್, ರಾಕ್ ಅಂಡ್ ರೋಲ್ ಸ್ಯಾಕ್ಸೊಫೋನ್ ಹುಟ್ಟಿತೆಂದು ವಿಮರ್ಶಕರು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ನಾಯಕನೋ, ಕೋಲುಗಳನ್ನು ಗಾಳಿಯಲ್ಲಿ ಎಸೆದು ಹಿಡಿಯುವುದು, ಡೋಲಿನ ಮೇಲೆ ಹತ್ತಿ ಕುಣಿಯುವುದು, ಬೆವರಿನಲ್ಲಿ ತೊಯ್ದು ಕೂಗುವುದು, ಜನ ಎದ್ದು ನಿಲ್ಲುವ ತನಕ ಬಿಡದಿರುವುದು. ಗಂಭೀರ ವಿಮರ್ಶಕರಿಗೆ ಇದು ಸರಿಬರಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಜನರನ್ನು ಕುಣಿಸಿದ್ದೇ ದೋಷವೆನ್ನುವವರು ಈ ಸಂಗೀತ ಎಲ್ಲಿಂದ ಬಂತೆಂಬುದನ್ನು ಮರೆತಿದ್ದಾರೆ. ದಿನವಿಡೀ ಕಾರ್ಖಾನೆಯಲ್ಲಿ, ಬೇರೆಯವರ ಅಡಿಗೆಮನೆಯಲ್ಲಿ ದುಡಿದ ಜನ ಶನಿವಾರ ರಾತ್ರಿ ಕುಣಿಯಲು ಬರುತ್ತಿದ್ದರು. ಅವರೆದುರು ಕಣ್ಣು ಮುಚ್ಚಿ ಧ್ಯಾನ ಮಾಡುವಂತಿರಲಿಲ್ಲ. ಬಯಲಾಟದಲ್ಲಿ ಬಣ್ಣದ ವೇಷ ರಂಗಸ್ಥಳ ಅದುರುವಂತೆ ಹೆಜ್ಜೆ ಹಾಕಿದರೆ ನಾವು ಅದನ್ನು ಅಗ್ಗದ ಪ್ರದರ್ಶನ ಎನ್ನುತ್ತೇವೆಯೇ? ದೋಷ ಬೇರೆ ಕಡೆ ಇದೆ. ಎದ್ದು ನಿಲ್ಲುವ ಜನಕ್ಕೆ ಹ್ಯಾಂಪ್ಟನ್ ಒಗ್ಗಿಹೋದರು. ಆ ಚಪ್ಪಾಳೆ ಬರುವ ದಾರಿ ಒಂದು ಸಿಕ್ಕಿದ ಮೇಲೆ ಅದನ್ನೇ ಅರ್ಧ ಶತಮಾನ ತುಳಿದರು. 'ಹೇ ಬಾ-ಬಾ-ರೀ-ಬಾಪ್' ನಂಥ ಗದ್ದಲದ ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿದರೆ, ಗದ್ದಲಕ್ಕಿಂತ ಹೆಚ್ಚಾಗಿ ಪುನರಾವರ್ತನೆ ಬೇಸರ ತರಿಸುತ್ತದೆ.

ಮೇಳದ ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾದೀತು. ಇದರಲ್ಲಿ ಕೆಲಸ ಮಾಡಿ ಹೋದವರ ಹಾಜರಿ ಪುಸ್ತಕ ನೋಡಿ: ಡೆಕ್ಸ್‌ಟರ್ ಗಾರ್ಡನ್, ಡೈನಾ ವಾಷಿಂಗ್‌ಟನ್, ಚಾರ್ಲ್ಸ್ ಮಿಂಗಸ್, ವೆಸ್ ಮಾಂಟ್ಗಮರಿ, ಬೆಟ್ಟಿ ಕಾರ್ಟರ್, ಕ್ವಿನ್ಸಿ ಜೋನ್ಸ್, ಕ್ಲಿಫರ್ಡ್ ಬ್ರೌನ್, ಆರ್ಟ್ ಫಾರ್ಮರ್. ಜಾಜ್‌ನ ಅರ್ಧ ಇತಿಹಾಸ ಇಲ್ಲಿ ಉಮೇದುವಾರಿ ಮಾಡಿದೆ. ಮಿಂಗಸ್ ಇಪ್ಪತ್ತೈದು ವರ್ಷದವರಾಗಿದ್ದಾಗ ೧೯೪೭ರಲ್ಲಿ ಅವರದೇ ರಚನೆ 'ಮಿಂಗಸ್ ಫಿಂಗರ್ಸ್' ಅನ್ನು ಈ ಮೇಳ ಮುದ್ರಿಸಿತು. ವಿಚಿತ್ರವೂ ಕಠಿಣವೂ ಆದ ತುಣುಕು. ಕುಣಿಯುವವರಿಗೆ ಅದರಲ್ಲಿ ಏನೂ ಇಲ್ಲ. ಚಪ್ಪಾಳೆಯೊಂದನ್ನೇ ಬಯಸುವ ಯಜಮಾನ ಅದನ್ನು ಮುಟ್ಟುತ್ತಿರಲಿಲ್ಲ.

ಆದರೆ ಸಂಬಳ? ಸಂಬಳ ಕಡಿಮೆ ಎಂಬ ದೂರು ಆ ಮೇಳದಿಂದ ಹೊರಬಂದ ಅನೇಕರದು. ಲೆಕ್ಕಪತ್ರವೆಲ್ಲ ಪತ್ನಿ ಗ್ಲ್ಯಾಡಿಸ್ ಅವರ ಕೈಯಲ್ಲಿತ್ತು. ಹಾಲಿವುಡ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಈ ಹೆಂಗಸು ೧೯೩೬ರಲ್ಲಿ ಹ್ಯಾಂಪ್ಟನ್ನರನ್ನು ಮದುವೆಯಾದರು. ಮೇಳದ ಕರಾರು, ಪ್ರಯಾಣ, ಉಳಿತಾಯ ಎಲ್ಲವೂ ಅವರ ಜವಾಬ್ದಾರಿ. ವಾದಕರ ಬಾಯಲ್ಲಿ ಅವರು ಜಿಪುಣಿ. ನಮಗೆ ತೋರುವುದು ಬೇರೆ: ಕರಿಯ ವಾದಕರನ್ನು ಸುಲಿದು ತಿಂದ ಮಧ್ಯವರ್ತಿಗಳ ಕಾಲದಲ್ಲಿ ಒಂದು ಕರಿಯ ಮೇಳ ಸಾಲಕ್ಕೆ ಬೀಳದೆ ದಶಕಗಟ್ಟಲೆ ಉಳಿದುದರಲ್ಲಿ ಆ ಹೆಂಗಸಿನ ಪಾಲು ದೊಡ್ಡದು. ಆದರೆ ಆ ಉಳಿತಾಯದ ಬೆಲೆಯನ್ನು ತೆತ್ತವರು ಹಿಂದಿನ ಸಾಲಿನಲ್ಲಿ ಕೂತು ಊದುತ್ತಿದ್ದ ಹುಡುಗರು ಎಂಬುದೂ ಅಷ್ಟೇ ನಿಜ. ತುಟ್ಟಿಭತ್ಯೆಯ ಆದೇಶಕ್ಕೆ ವರ್ಷಕ್ಕೆರಡು ಸಲ ಕಾಯುವ ನಮ್ಮಂಥವರು ಈ ಹುಡುಗರ ಪಕ್ಷವನ್ನು ಪೂರ್ತಿ ಬಿಟ್ಟುಕೊಡಲಾರೆವು. ೧೯೫೩ರ ಯುರೋಪ್ ಪ್ರವಾಸದಲ್ಲಿ ಇದು ಸ್ಫೋಟಗೊಂಡಿತು. ಹೊರಗಡೆ ಯಾರೂ ಧ್ವನಿಮುದ್ರಣ ಮಾಡಕೂಡದು ಎಂದು ಅಪ್ಪಣೆಯಾಗಿತ್ತು. ಕ್ಲಿಫರ್ಡ್ ಬ್ರೌನ್, ಆರ್ಟ್ ಫಾರ್ಮರ್, ಜೀಜೀ ಗ್ರೈಸ್, ಕ್ವಿನ್ಸಿ ಜೋನ್ಸ್ ಮೊದಲಾದವರು ರಾತ್ರಿ ಕಣ್ಣು ತಪ್ಪಿಸಿ ಹೋಗಿ ಸ್ಟಾಕ್‌ಹೋಮ್, ಪ್ಯಾರಿಸ್‌ಗಳ ಸ್ಟುಡಿಯೋಗಳಲ್ಲಿ ನುಡಿಸಿದರು. ಆ ಕದ್ದ ಮುದ್ರಣಗಳು ಇಂದು ಜಾಜ್ ರಸಿಕರ ಪೆಟ್ಟಿಗೆಯಲ್ಲಿ ಒಡವೆಯಂತೆ ಇವೆ. ಬ್ರೌನ್ ೧೯೫೬ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡರು. ಅಪ್ಪಣೆಯನ್ನು ಪಾಲಿಸಿದ್ದರೆ ಅವರು ಬಿಟ್ಟುಹೋದ ಅಲ್ಪ ಗಂಟು ಇನ್ನೂ ಅಲ್ಪವಾಗುತ್ತಿತ್ತು.

ಗದ್ದಲದ ವರ್ಷಗಳಲ್ಲಿ ಕಲಾವಿದ ಸತ್ತಿದ್ದನೇ ಎಂದು ಕೇಳುವವರಿಗೆ ಉತ್ತರವಾಗಿ ಒಂದು ಮುದ್ರಣವಿದೆ. ೧೯೪೭ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ನಡೆದ ಕಛೇರಿಯ 'ಸ್ಟಾರ್‌ಡಸ್ಟ್'. ಹದಿನೈದು ನಿಮಿಷದಷ್ಟು ಉದ್ದ. ಚಾರ್ಲಿ ಶೇವರ್ಸ್ ತುತ್ತೂರಿಯಲ್ಲಿ, ವಿಲ್ಲಿ ಸ್ಮಿತ್ ಸ್ಯಾಕ್ಸೊಫೋನಿನಲ್ಲಿ ಹಾಡನ್ನು ಹಾಡಿಸುತ್ತಾರೆ, ಸ್ಲ್ಯಾಮ್ ಸ್ಟೂವರ್ಟ್ ಬಾಸಿಗೆ ಕಮಾನು ಹಚ್ಚಿ ಅದರ ಮೇಲಿನ ಸ್ಥಾಯಿಯಲ್ಲಿ ತಾವೇ ಗುನುಗುತ್ತಾರೆ. ಹ್ಯಾಂಪ್ಟನ್ ಕಡೆಗೆ ಬರುತ್ತಾರೆ. ಮೊದಲು ಒಂದೊಂದೇ ಹನಿ. ಆಮೇಲೆ ಹನಿಗಳು ಜೋಡಿಯಾಗುತ್ತವೆ, ತಾಳ ಅಲ್ಲೇ ಇದ್ದಂತೆ ನಡೆ ದುಪ್ಪಟ್ಟಾಗುತ್ತದೆ, ಮಧ್ಯೆ ಬೇರೆ ಹಾಡುಗಳ ತುಣುಕು ಇಣುಕಿ ಮಾಯವಾಗುತ್ತದೆ. ಕೋಲು ಪಟ್ಟಿಗೆ ತಗಲುವ ಸದ್ದಿನ ಜೊತೆಗೆ ಮನುಷ್ಯ ತನ್ನಷ್ಟಕ್ಕೆ ಮುಲುಗುವುದೂ ಕೇಳುತ್ತದೆ. ಇಲ್ಲಿ ಡೋಲು ಹತ್ತುವುದಿಲ್ಲ, ಕೋಲು ಎಸೆಯುವುದಿಲ್ಲ. ಅದೇ ಜನ, ಅದೇ ಚಪ್ಪಾಳೆ. ಆದರೆ ಚಪ್ಪಾಳೆಗೆ ಮೊದಲು ಬಂದ ನಿಶ್ಶಬ್ದವನ್ನು ಕೇಳಬೇಕು. ೧೯೫೫ರಲ್ಲಿ ಅಂಧ ಪಿಯಾನೋ ವಾದಕ ಆರ್ಟ್ ಟೇಟಮ್ ಜೊತೆಗೆ, ಡ್ರಮ್ಮಿಗೆ ಬಡಿ ರಿಚ್ ಇಟ್ಟುಕೊಂಡು ಮಾಡಿದ ಮುದ್ರಣಗಳಲ್ಲೂ ಇದೇ ಮನುಷ್ಯ ಸಿಗುತ್ತಾರೆ. ಟೇಟಮ್‌ರ ಸ್ವರಪ್ರವಾಹದಲ್ಲಿ ಕೊಚ್ಚಿಹೋಗದೆ ನಿಂತ ಕೆಲವರಲ್ಲಿ ಒಬ್ಬರು.

ಅವರ ಬಳಿಕ ಬಂದವರು ವಾದ್ಯವನ್ನು ಬೇರೆ ಕಡೆಗೆ ಒಯ್ದರು. ಮಿಲ್ಟ್ ಜಾಕ್ಸನ್ ಮೋಟಾರನ್ನು ನಿಧಾನಗೊಳಿಸಿ ನಾದಕ್ಕೆ ಮನುಷ್ಯನ ಕಂಠದ ಉಬ್ಬರ ತಂದರು. ಗ್ಯಾರಿ ಬರ್ಟನ್ ಮೋಟಾರನ್ನೇ ಬಿಟ್ಟು ನಾಲ್ಕು ಕೋಲು ಹಿಡಿದರು. ಹೋಲಿಸಿದರೆ ಜಾಕ್ಸನ್ ಹೆಚ್ಚು ಆಳದವರು ಎಂದು ಒಪ್ಪಲು ನಮಗೆ ಸಂಕೋಚವಿಲ್ಲ. ಆದರೆ ಆ ಆಳಕ್ಕೆ ಇಳಿಯುವ ಮೆಟ್ಟಿಲನ್ನು ಕಡಿದವರು ಹ್ಯಾಂಪ್ಟನ್. ಅಂದ ಹಾಗೆ, ಈ ನಾದ ನಮಗೆ ಅಷ್ಟು ಅಪರಿಚಿತವೂ ಅಲ್ಲ. ಮುಂಬಯಿಯ ಹಳೆಯ ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಕೇರ್ಸಿ ಲಾರ್ಡ್ ಅಂಥವರ ಕೈಯಲ್ಲಿ ಇದೂ ಇದರ ಬಂಧುಗಳಾದ ವಾದ್ಯಗಳೂ ಮಿನುಗಿವೆ. ಬಿನಾಕಾ ಗೀತಮಾಲಾ ಕೇಳಿ ಬೆಳೆದ ಮನೆಗಳಲ್ಲಿ ಹೆಸರು ಗೊತ್ತಿಲ್ಲದೆಯೇ ಇದನ್ನು ಪ್ರೀತಿಸಿದ್ದಾರೆ.

ಗ್ಲ್ಯಾಡಿಸ್ ೧೯೭೧ರಲ್ಲಿ ತೀರಿಕೊಂಡರು. ಹ್ಯಾಂಪ್ಟನ್ ನುಡಿಸುತ್ತಲೇ ಇದ್ದರು. ಹಾರ್ಲೆಮ್‌ನಲ್ಲಿ ಬಡವರ ವಸತಿಗಾಗಿ ದುಡಿದು, ತಮ್ಮ ಮತ್ತು ಪತ್ನಿಯ ಹೆಸರಿನಲ್ಲಿ ಮನೆಗಳ ಸಮುಚ್ಚಯಗಳು ಏಳುವಂತೆ ಮಾಡಿದರು. ರಿಪಬ್ಲಿಕನ್ ಪಕ್ಷದ ಪ್ರಚಾರಕ್ಕೂ ಇಳಿದರು, ಅದು ಅವರ ಜನರಲ್ಲಿ ಎಲ್ಲರಿಗೂ ರುಚಿಸಲಿಲ್ಲ. ೧೯೮೭ರಲ್ಲಿ ಐಡಾಹೋ ವಿಶ್ವವಿದ್ಯಾಲಯ ತನ್ನ ಸಂಗೀತ ಶಾಲೆಗೆ ಅವರ ಹೆಸರಿಟ್ಟಿತು. ೧೯೯೭ರ ಜನವರಿಯಲ್ಲಿ ನ್ಯೂಯಾರ್ಕಿನ ಅವರ ಮನೆಗೆ ಬೆಂಕಿ ಬಿದ್ದು ಒಂದು ಜೀವಮಾನದ ಸಾಮಗ್ರಿ ಸುಟ್ಟುಹೋಯಿತು. ಅವರು ಉಳಿದುಕೊಂಡರು. ೨೦೦೨ರ ಆಗಸ್ಟ್ ೩೧ರಂದು, ೯೪ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಇವೆಲ್ಲ ಮುದ್ರಣಗಳು ಫೋನಿನಲ್ಲೇ ಸಿಗುತ್ತವೆ. ತಟ್ಟೆಗಾಗಿ ಚೋರ್ ಬಜಾರ್ ಅಲೆಯಬೇಕಿಲ್ಲ. ಕೇಳಬಯಸುವ ಸಹೃದಯರು 'ಮೂನ್‌ಗ್ಲೋ'ದಿಂದ ಪ್ರಾರಂಭಿಸಿ, 'ವೆನ್ ಲೈಟ್ಸ್ ಆರ್ ಲೋ' ದಾಟಿ, ಒಂದು ಭಾನುವಾರ ಮಧ್ಯಾಹ್ನ ಊಟದ ಮೇಲೆ 'ಸ್ಟಾರ್‌ಡಸ್ಟ್' ಹಾಕಿಕೊಳ್ಳಲಿ. 'ಫ್ಲೈಯಿಂಗ್ ಹೋಮ್' ಸಂಜೆಗೆ ಇರಲಿ, ಮೇಲ್ಮನೆಯವರು ಮಲಗುವುದಕ್ಕೆ ಮುಂಚೆ.